ಸಣ್ಣಕ್ಷರದ ಸಾಕ್ಷಿ: ಅಮೆರಿಕದ ಹಳೆಯ ಬೇಸ್‌ಬಾಲ್ ಇಸ್ಪೀಟಾಟಗಳು ಮತ್ತು ಅವುಗಳ ಹಕ್ಕಿನ ಇತಿಹಾಸ

ಮನೆಯೊಳಗೆ ಎಲೆ ಎಳೆದು ಆಡುವ ಹಳೆಯ ಬೇಸ್‌ಬಾಲ್ ಇಸ್ಪೀಟಾಟದ ಕಟ್ಟೊಂದು ಮಾರಾಟಕ್ಕೆ ಬಂತೆಂದರೆ ಕೊಳ್ಳುವವರ ಕಣ್ಣು ಮೊದಲು ಎಲೆಗಳ ಮೇಲಿನ ಮುಖಗಳತ್ತ ಹೋಗುತ್ತದೆ. 20ನೇ ಶತಮಾನದ ಆರಂಭದ ಹೆಸರಾಂತ ಆಟಗಾರರಾದ ಟೈ ಕಾಬ್ ಎಲೆ ಇದೆಯೇ, ಹೋನಸ್ ವ್ಯಾಗ್ನರ್ ಎಲೆ ಇದೆಯೇ ಎಂದು ಹುಡುಕುತ್ತಾರೆ. ಆದರೆ ಆ ಕಟ್ಟು ಯಾವ ಕಾಲದ್ದು, ಅಸಲಿಯೋ ಮರುಮುದ್ರಣವೋ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಇರುವುದು ಡಬ್ಬಿಯ ಅಂಚಿನಲ್ಲೋ ನಿಯಮದ ಹಾಳೆಯ ಕೆಳಗೋ ಅಚ್ಚಾದ ಸಣ್ಣಕ್ಷರದ ಸಾಲಿನಲ್ಲಿ. ಮಾರುವವರು ಅಂಥ ಸಾಲುಗಳನ್ನೆಲ್ಲ ಒಟ್ಟುಗೂಡಿಸಿ ‘ಟ್ರೇಡ್‌ಮಾರ್ಕ್ ಇದೆ’ ಎಂದು ಬರೆದುಬಿಡುತ್ತಾರೆ. ಅದು ಸಾಲದು. ಅಲ್ಲಿ ನಾಲ್ಕು ಬೇರೆ ಬೇರೆ ಹಕ್ಕುಗಳ ವ್ಯವಹಾರವಿದೆ. ಆಟದ ಯುಕ್ತಿಗೆ ಪೇಟೆಂಟ್, ಅಚ್ಚಾದ ಚಿತ್ರಕ್ಕೂ ಬರಹಕ್ಕೂ ಕಾಪಿರೈಟ್, ಮಾರುವ ಹೆಸರಿಗೆ ಟ್ರೇಡ್‌ಮಾರ್ಕ್. ಬಹಳ ಕಾಲ ಯಾರೂ ಲೆಕ್ಕಕ್ಕೆ ಹಿಡಿಯದೇ ಇದ್ದ ನಾಲ್ಕನೆಯದು, ಆಟಗಾರನಿಗೆ ತನ್ನ ಹೆಸರು ಮತ್ತು ಮುಖದ ಮೇಲಿರುವ ಹಕ್ಕು. ನಾನು ತಿಳಿದಂತೆ ಮೊದಲ ಮೂರು ಹಕ್ಕುಗಳಲ್ಲಿ ಯಾವುದೂ ಈ ಆಟಗಳನ್ನು ಹೆಚ್ಚು ಕಾಲ ಕಾಯಲಿಲ್ಲ. ಕೊನೆಗೆ ಗಟ್ಟಿಯಾದದ್ದು ನಾಲ್ಕನೆಯದು.

ಮನೆಯೊಳಗಿನ ಬೇಸ್‌ಬಾಲ್ ಇಸ್ಪೀಟಿನಿಂದ ಶುರುವಾದದ್ದಲ್ಲ. ನ್ಯೂಯಾರ್ಕ್‌ನ ಎಂಪೈರ್ ಕ್ಲಬ್ಬಿಗೆ ಆಡುತ್ತಿದ್ದ ಫ್ರಾನ್ಸಿಸ್ ಸೀಬ್ರಿಂಗ್ ಒಂದು ಮೇಜಿನ ಆಟ ಕಟ್ಟಿದರು. ಒಂದು ಸ್ಪ್ರಿಂಗ್ ನಾಣ್ಯದಂಥ ಬಿಲ್ಲೆಯನ್ನು ಚಿಮ್ಮಿಸುತ್ತದೆ, ಇನ್ನೊಂದು ಸ್ಪ್ರಿಂಗಿಗೆ ಕಟ್ಟಿದ ಬ್ಯಾಟು ಅದನ್ನು ಹೊಡೆಯುತ್ತದೆ, ಬಿಲ್ಲೆ ಹೋಗಿ ನಿಂತ ಕಡೆಯ ಮೇಲೆ ರನ್ನೋ ಔಟೋ ತೀರ್ಮಾನವಾಗುತ್ತದೆ. 1866ರ ಡಿಸೆಂಬರ್‌ನಲ್ಲೇ ಫ್ರಾಂಕ್ ಲೆಸ್ಲಿಯ ಸಚಿತ್ರ ವಾರಪತ್ರಿಕೆ ಇದರ ಚಿತ್ರ ಹಾಕಿತ್ತು. ಪೇಟೆಂಟ್ ಸಿಕ್ಕಿದ್ದು 1868ರ ಫೆಬ್ರವರಿ 4ರಂದು.

ಆ ದಿನ ಮಂಗಳವಾರ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಅಮೆರಿಕದ ಪೇಟೆಂಟ್ ಕಚೇರಿ 19ನೇ ಶತಮಾನದ ಮಧ್ಯಭಾಗದಿಂದ ಇವತ್ತಿನವರೆಗೂ ಪೇಟೆಂಟುಗಳನ್ನು ಹೊರಡಿಸುತ್ತಿರುವುದು ಮಂಗಳವಾರವೇ. ಡಬ್ಬಿಯ ಮೇಲೆ ‘ಪೇಟೆಂಟೆಡ್’ ಎಂದು ತಾರೀಖು ಇದ್ದರೆ ಮೊದಲು ಆ ದಿನದ ವಾರ ನೋಡಿ. ಮಂಗಳವಾರ ಅಲ್ಲದಿದ್ದರೆ ಮೂರರಲ್ಲೊಂದು: ಅಚ್ಚಿನ ತಪ್ಪು, ಕಾಪಿರೈಟ್ ತಾರೀಖನ್ನು ಪೇಟೆಂಟಿನದೆಂದು ಓದಿಕೊಂಡದ್ದು, ಇಲ್ಲವೇ ಯಾರೋ ಆಮೇಲೆ ಕೂಡಿಸಿದ್ದು. ಎರಡು ನಿಮಿಷದ ಕೆಲಸ ಇದು. ಬಹಳ ಸಲ ಉಳಿದ ಪರೀಕ್ಷೆಗಳಿಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಪೇಟೆಂಟ್ ತಾರೀಖನ್ನು ತಯಾರಾದ ತಾರೀಖು ಎಂದುಕೊಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. 1861ರ ಕಾಯ್ದೆಯಿಂದ ಪೇಟೆಂಟಿನ ಆಯಸ್ಸು 17 ವರ್ಷ. ಆ 17 ವರ್ಷಗಳ ಉದ್ದಕ್ಕೂ ಒಂದೇ ತಾರೀಖನ್ನು ಅಚ್ಚು ಹಾಕುತ್ತಿದ್ದರು, ಅವಧಿ ಮುಗಿದ ಮೇಲೂ ಹಳೆಯ ಅಚ್ಚುಪಡಿ ಬದಲಾಯಿಸದೆ ಮುಂದುವರಿಸಿದವರಿದ್ದಾರೆ. ಆದ್ದರಿಂದ ಆ ತಾರೀಖು ಹೇಳುವುದು ‘ಇದಕ್ಕಿಂತ ಹಳೆಯದಲ್ಲ’ ಎಂಬಷ್ಟನ್ನೇ. ಇನ್ನೊಂದು ಗುರುತು: 1927ರ ಏಪ್ರಿಲ್ 1ರಿಂದ ತಾರೀಖಿನ ಬದಲು ಪೇಟೆಂಟ್ ಸಂಖ್ಯೆಯನ್ನು ಮುದ್ರಿಸಬೇಕೆಂಬ ನಿಯಮ ಬಂತು. ಬರೀ ತಾರೀಖಿದ್ದರೆ ಹೆಚ್ಚಾಗಿ ಅದಕ್ಕೆ ಮೊದಲಿನದು, ಸಂಖ್ಯೆಯಿದ್ದರೆ ಹೆಚ್ಚಾಗಿ ಆಮೇಲಿನದು. ‘ಹೆಚ್ಚಾಗಿ’ ಎನ್ನುವುದನ್ನು ಬಿಡಬೇಡಿ, ಮೊದಲೇ ಸಂಖ್ಯೆ ಹಾಕುತ್ತಿದ್ದವರೂ ಉಂಟು.

ಯಂತ್ರದಿಂದ ಇಸ್ಪೀಟಿಗೆ ಬರಲು ಕಾರಣ ಖರ್ಚು. ಸ್ಪ್ರಿಂಗು, ಮರದ ಹಲಗೆ, ಲೋಹದ ಬಿಲ್ಲೆ ಎಲ್ಲಕ್ಕೂ ಕುಶಲ ಕೆಲಸ ಬೇಕು, ಸಾಗಿಸುವಾಗ ಮುರಿಯುತ್ತದೆ. ಎಲೆಗಳಿಗೆ ಒಂದು ಮುದ್ರಣಾಲಯ ಸಾಕು. 1884ರಲ್ಲಿ ಬಾಸ್ಟನ್ನಿನ ಥಾಮಸ್ ಡಬ್ಲ್ಯೂ. ಲಾಸನ್ ತಮ್ಮ ಹೆಸರಿನಲ್ಲೇ ಬೇಸ್‌ಬಾಲ್ ಇಸ್ಪೀಟೆಲೆಗಳನ್ನು ತಂದರು. ಮುಂದೆ ಷೇರುಪೇಟೆಯಲ್ಲಿ ಹೆಸರು ಮಾಡಿದ ಲಾಸನ್ ಇವರೇ, 1902ರಲ್ಲಿ ನೀರಿಗಿಳಿದ ಏಳು ಪಟಸ್ತಂಭಗಳ ಹಡಗಿಗೆ ಇಟ್ಟದ್ದೂ ಇವರ ಹೆಸರೇ. ಆಟದ ಯುಕ್ತಿ ಬಹಳ ಸರಳ. ಒಂದೊಂದು ಎಲೆಯ ಮೇಲೆ ಒಂದೊಂದು ಫಲಿತಾಂಶ: ಸ್ಟ್ರೈಕ್, ಬಾಲ್, ಔಟ್, ಒಂದು ಬೇಸ್, ಹೋಮ್ ರನ್. ಎಲೆ ಎಳೆದಂತೆ ಆಟ ನಡೆಯುತ್ತದೆ. ಪುಸ್ತಕ ತೆರೆದು ಪುಟದ ಕೊನೆಯ ಅಂಕಿಯನ್ನು ರನ್ ಎಂದು ಎಣಿಸುವ ನಮ್ಮ ಬುಕ್ ಕ್ರಿಕೆಟ್ ಆಡಿದವರಿಗೆ ಇದರ ತಿರುಳು ಹೇಳಿಕೊಡಬೇಕಾಗಿಲ್ಲ.

ಸರಳತೆಯೇ ಇಲ್ಲಿ ಹಕ್ಕಿನ ತೊಂದರೆಯೂ ಹೌದು. ಎಲೆ ಎಳೆದು ಫಲಿತಾಂಶ ಓದುವುದಕ್ಕೆ ಪೇಟೆಂಟ್ ಪಡೆದರೂ ಇನ್ನೊಬ್ಬರು ಎಲೆಗಳ ಸಂಖ್ಯೆ, ಫಲಿತಾಂಶಗಳ ಹಂಚಿಕೆ, ಆಡುವ ಕ್ರಮ ಬದಲಿಸಿ ಅದರ ಹೊರಗೆ ನಿಲ್ಲಬಹುದು. ಕಾಪಿರೈಟ್ ಇನ್ನೂ ಇಕ್ಕಟ್ಟಾದದ್ದು. 1879ರ ಬೇಕರ್ ವಿರುದ್ಧ ಸೆಲ್ಡನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಪದ್ಧತಿಯನ್ನು ವಿವರಿಸಿದ ಬರಹಕ್ಕೆ ಕಾಪಿರೈಟ್ ಇದೆ, ಪದ್ಧತಿಗಿಲ್ಲ ಎಂದಿತು. ಆ ಮೊಕದ್ದಮೆ ಲೆಕ್ಕ ಬರೆಯುವ ಪುಸ್ತಕದ ಕುರಿತು, ಆದರೆ ಆಟದ ನಿಯಮಗಳಿಗೂ ಅದೇ ತತ್ವ ಅನ್ವಯವಾಗುತ್ತದೆ. ನಿಯಮದ ಹಾಳೆಯ ವಾಕ್ಯಗಳನ್ನು ಎತ್ತಿದರೆ ತಪ್ಪು. ಅದೇ ಆಟವನ್ನು ಬೇರೆ ಮಾತಿನಲ್ಲಿ ಬರೆದು ಬೇರೆ ಚಿತ್ರ ಹಾಕಿ ಮಾರಿದರೆ ತಪ್ಪಿಲ್ಲ. ಒಂದನ್ನೊಂದು ಹೋಲುವ ಆಟಗಳು ಸಾಲಾಗಿ ಬಂದದ್ದು ಹೀಗೆ.

ಆಟವನ್ನು ಕಾಯದಿದ್ದರೂ ಕಾಪಿರೈಟ್ ಸಾಲು ಕಾಲ ಹೇಳುವುದರಲ್ಲಿ ಮಾತ್ರ ಬಹಳ ನಿಖರ. 1870ರ ಕಾಯ್ದೆಗೆ ಮುಂಚೆ ಕಾಪಿರೈಟನ್ನು ಆಯಾ ಜಿಲ್ಲಾ ನ್ಯಾಯಾಲಯದ ಗುಮಾಸ್ತರ ಕಚೇರಿಯಲ್ಲಿ ದಾಖಲಿಸುತ್ತಿದ್ದರು, ಅಚ್ಚಿನಲ್ಲೂ ಹಾಗೇ ಇರುತ್ತದೆ. 1870ರಿಂದ ಆ ಜಾಗಕ್ಕೆ ವಾಷಿಂಗ್ಟನ್ನಿನ ಲೈಬ್ರೇರಿಯನ್ ಆಫ್ ಕಾಂಗ್ರೆಸ್ ಬಂದರು. ಅಷ್ಟುದ್ದದ ವಾಕ್ಯ ಸಣ್ಣ ಎಲೆಗಳಿಗೆ ಹೊರೆಯಾಗುತ್ತಿತ್ತು. 1874ರ ತಿದ್ದುಪಡಿ ‘ಕಾಪಿರೈಟ್, ವರ್ಷ, ಹೆಸರು’ ಎಂಬ ಚಿಕ್ಕ ರೂಪಕ್ಕೆ ಒಪ್ಪಿಗೆ ಕೊಟ್ಟಿತು. ವೃತ್ತದೊಳಗಿನ ಸಿ ಅಕ್ಷರ ಕಾನೂನಿಗೆ ಬಂದದ್ದು 1909ರ ಕಾಯ್ದೆಯಲ್ಲಿ. 1904ರ ಆಟ ಎಂದು ಮಾರುತ್ತಿರುವ ಡಬ್ಬಿಯ ಮೇಲೆ ಆ ಗುರುತು ಕಂಡರೆ ಹಣ ಕೊಡುವ ಮೊದಲು ನಿಲ್ಲಿ.

1888ಕ್ಕೆ ಬಂದರೆ ಈ ಆಟಗಳು ಸಂಗ್ರಾಹಕರ ಪ್ರೀತಿ ಗಳಿಸಿದ ರೂಪಕ್ಕೆ ಬರುತ್ತವೆ. ಆ ವರ್ಷದ ಒಂದು ಕಟ್ಟಿನಲ್ಲಿ 72 ಎಲೆಗಳು, ನ್ಯಾಷನಲ್ ಲೀಗಿನ 8 ತಂಡಗಳಿಂದ ತಲಾ 9 ನಿಜ ಆಟಗಾರರು. ಸಂಗ್ರಾಹಕರು ಇದನ್ನು ಡಬ್ಲ್ಯೂಜಿ1 ಎನ್ನುತ್ತಾರೆ. ಈ ಸಂಕೇತ ಡಬ್ಬಿಯ ಮೇಲೆ ಎಲ್ಲೂ ಇರುವುದಿಲ್ಲ. ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್ 20ನೇ ಶತಮಾನದ ನಡುವೆ ಸಿದ್ಧಪಡಿಸಿದ ಅಮೆರಿಕನ್ ಕಾರ್ಡ್ ಕ್ಯಾಟಲಾಗ್ ಕೊಟ್ಟ ಹೆಸರು ಅದು. 19ನೇ ಶತಮಾನದ ತಂಬಾಕಿನ ಕಾರ್ಡುಗಳಿಗೆ ಎನ್, 20ನೆಯದಕ್ಕೆ ಟಿ, ಮಿಠಾಯಿ ಕಾರ್ಡುಗಳಿಗೆ ಇ, ಆಟದ ಎಲೆಗಳಿಗೆ ಡಬ್ಲ್ಯೂಜಿ. ಸಂಧಿವಾತದಿಂದ ಬೆರಳು ಮಡಚಲಾಗದ ಸ್ಥಿತಿಯಲ್ಲೂ ಬರ್ಡಿಕ್ ತಮ್ಮ 3 ಲಕ್ಷಕ್ಕೂ ಹೆಚ್ಚಿನ ಕಾರ್ಡುಗಳನ್ನು ಆಲ್ಬಮ್ಮುಗಳಿಗೆ ಅಂಟಿಸಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಇವತ್ತು ನಾವು ಈ ಆಟಗಳನ್ನು ಹೆಸರಿಟ್ಟು ಕರೆಯಲು ಆಗುತ್ತಿರುವುದೇ ಅವರ ಋಣ.

ಮುಂದಿನ ದೊಡ್ಡ ಹೆಸರು ಸಿನ್ಸಿನಾಟಿಯ ಫ್ಯಾನ್ ಕ್ರೇಜ್. 1904ರಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಆಟಗಾರರ ಭಾವಚಿತ್ರವಿಲ್ಲ. 1906ರಲ್ಲಿ ಭಾವಚಿತ್ರಗಳು ಬಂದವು: ಅಮೆರಿಕನ್ ಲೀಗಿನದು ನೀಲಿ ಛಾಯೆಯಲ್ಲಿ 51 ಎಲೆ, ನ್ಯಾಷನಲ್ ಲೀಗಿನದು ಕೆಂಪು ಛಾಯೆಯಲ್ಲಿ 54. ಮೊದಲನೆಯದರಲ್ಲಿ ಸೈ ಯಂಗ್, ಎರಡನೆಯದರಲ್ಲಿ ವ್ಯಾಗ್ನರ್ ಮತ್ತು ಕ್ರಿಸ್ಟಿ ಮ್ಯಾಥ್ಯೂಸನ್ ಇದ್ದಾರೆ. ಎರಡನ್ನೂ ಬೆರೆಸಿ ‘ಪೂರ್ಣ ಕಟ್ಟು’ ಎಂದು ಮಾರುವುದು ನಡೆಯುತ್ತದೆ. ಛಾಯೆ ನೋಡಿ ವಿಂಗಡಿಸಿ, ಆಮೇಲೆ ಎಣಿಸಿ.

ಫ್ಯಾನ್ ಕ್ರೇಜ್ ಎಂಬ ಹೆಸರು ಟ್ರೇಡ್‌ಮಾರ್ಕಿನ ದೃಷ್ಟಿಯಿಂದ ಜಾಣ ಆಯ್ಕೆ. ಏಕೆಂದು ತಿಳಿಯಲು ಸ್ವಲ್ಪ ಕಾನೂನು ಬೇಕು. ಅಮೆರಿಕದ ಮೊದಲ ಕೇಂದ್ರ ಟ್ರೇಡ್‌ಮಾರ್ಕ್ ಕಾಯ್ದೆ 1870ರದು. 1879ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ಹೊರತಾದದ್ದೆಂದು ತೆಗೆದುಹಾಕಿತು. 1881ರಲ್ಲಿ ಬಂದ ಬದಲಿ ಕಾಯ್ದೆ ವಿದೇಶ ವ್ಯಾಪಾರ ಮತ್ತು ಮೂಲನಿವಾಸಿ ಬುಡಕಟ್ಟುಗಳೊಡನೆಯ ವ್ಯಾಪಾರಕ್ಕೆ ಮಾತ್ರ. ಅಂದರೆ ಲಾಸನ್ ಕಾಲದಲ್ಲಿ ದೇಶದೊಳಗಷ್ಟೇ ಮಾರುವ ಇಸ್ಪೀಟಾಟಕ್ಕೆ ಕೇಂದ್ರ ನೋಂದಣಿಯ ದಾರಿಯೇ ಇರಲಿಲ್ಲ. ಆ ಕಾಲದ ಡಬ್ಬಿಯ ಮೇಲೆ ‘ಟ್ರೇಡ್ ಮಾರ್ಕ್’ ಎಂದಿದ್ದರೆ ಅದು ತಯಾರಕರ ಘೋಷಣೆ, ಹೆಚ್ಚೆಂದರೆ ರಾಜ್ಯಮಟ್ಟದ ಕಾನೂನಿನ ಆಸರೆ. ರಾಜ್ಯರಾಜ್ಯಗಳ ನಡುವಿನ ವ್ಯಾಪಾರಕ್ಕೆ ನೋಂದಣಿ ತೆರೆದದ್ದು 1905ರ ಕಾಯ್ದೆ. ‘ರೆಜಿ. ಯು.ಎಸ್. ಪ್ಯಾಟ್. ಆಫ್.’ ಎಂಬ ಸಾಲು ಕಾಣಿಸಿಕೊಳ್ಳುವುದು ಆಗಿನಿಂದ. ವೃತ್ತದೊಳಗಿನ ಆರ್ ಅಕ್ಷರಕ್ಕೆ ಮಾನ್ಯತೆ ಕೊಟ್ಟದ್ದು 1946ರ ಲ್ಯಾನಮ್ ಕಾಯ್ದೆ, ಜಾರಿಯಾದದ್ದು 1947ರ ಜುಲೈ 5. 1913ರ ಎಲೆಯ ಮೇಲೆ ವೃತ್ತದ ಆರ್ ಇದ್ದರೆ ಆ ಎಲೆ 1913ರದಲ್ಲ, ಅಷ್ಟೇ.

ಸರಕನ್ನು ಬರೀ ವರ್ಣಿಸುವ ಪದವನ್ನು ಸಾಮಾನ್ಯವಾಗಿ ನೋಂದಾಯಿಸುವಂತಿಲ್ಲ ಎಂದು 1905ರ ಕಾಯ್ದೆ ಹೇಳಿತು. ‘ಬೇಸ್ ಬಾಲ್ ಗೇಮ್’ ಎಂದು ಹೆಸರಿಟ್ಟವರಿಗೆ ಕಾಯಲು ಏನೂ ಉಳಿಯಲಿಲ್ಲ. 1913ರ ‘ದಿ ನ್ಯಾಷನಲ್ ಗೇಮ್’ ಕೂಡ ದುರ್ಬಲ ಹೆಸರೇ, ಆ ಹೊತ್ತಿಗೆ ಪತ್ರಿಕೆಗಳೆಲ್ಲ ಬೇಸ್‌ಬಾಲನ್ನು ಹಾಗೆಯೇ ಕರೆಯುತ್ತಿದ್ದವು. ಫ್ಯಾನ್ ಕ್ರೇಜ್ ಹಾಗಲ್ಲ, ಕೇಳಿದರೆ ಆಟದ ಹುಚ್ಚು ನೆನಪಾಗುತ್ತದೆಯೇ ಹೊರತು ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಆದರೆ ಟ್ರೇಡ್‌ಮಾರ್ಕ್ ಬದುಕುವುದು ಸರಕು ಅಂಗಡಿಯಲ್ಲಿರುವವರೆಗೆ. ಮಾರಾಟ ನಿಂತು, ಮತ್ತೆ ಶುರುಮಾಡುವ ಉದ್ದೇಶವೂ ಇಲ್ಲದಿದ್ದರೆ ಎಂಥ ಜಾಣ ಹೆಸರಿನ ಹಕ್ಕೂ ಬಿದ್ದುಹೋಗುತ್ತದೆ.

1913ರ ಸುತ್ತಿನ ಮೂರು ಆಟಗಳು ಸಂಗ್ರಾಹಕರನ್ನು ಹೆಚ್ಚು ಗೊಂದಲಕ್ಕೆ ಕೆಡವುತ್ತವೆ: ಪೋಲೋ ಗ್ರೌಂಡ್ಸ್, ನ್ಯಾಷನಲ್ ಗೇಮ್, ಟಾಮ್ ಬಾರ್ಕರ್. ಬರ್ಡಿಕ್ ಲೆಕ್ಕದಲ್ಲಿ ಡಬ್ಲ್ಯೂಜಿ4, 5, 6. ಮೂರೂ ದುಂಡು ಮೂಲೆಯ ಎಲೆಗಳು, ಕಪ್ಪು-ಬಿಳುಪು ಛಾಯಾಚಿತ್ರ, ಜೊತೆಗೆ ಫಲಿತಾಂಶ. ಬಿಡಿ ಎಲೆ ಸಿಕ್ಕರೆ ಮುಂಬದಿ ನೋಡಿ ಯಾವುದೆಂದು ಹೇಳಲು ಹೋಗಬೇಡಿ, ತಿರುಗಿಸಿ. ಗುರುತು ಇರುವುದು ಹಿಂಬದಿಯ ವಿನ್ಯಾಸದಲ್ಲಿ; ಪೋಲೋ ಗ್ರೌಂಡ್ಸ್ ಎಲೆಯ ಹಿಂದೆ ನ್ಯೂಯಾರ್ಕ್‌ನಲ್ಲಿದ್ದ ಅದೇ ಹೆಸರಿನ ಬೇಸ್‌ಬಾಲ್ ಕ್ರೀಡಾಂಗಣದ ಚಿತ್ರವೇ ಇದೆ. ಹಿಂಬದಿ ತೋರಿಸದ ಆನ್‌ಲೈನ್ ಮಾರಾಟದಲ್ಲಿ ಬೆಲೆ ಮಾತಾಡುವುದೇ ಬೇಡ. ಪೋಲೋ ಗ್ರೌಂಡ್ಸ್ 30 ಎಲೆಗಳ ಕಟ್ಟು. ನ್ಯಾಷನಲ್ ಗೇಮ್ 54: ಹೆಸರಿರುವ ಆಟಗಾರರು 43, ಹೆಸರಿಲ್ಲದ ಆಟದ ದೃಶ್ಯಗಳು 9, ಉಳಿದೆರಡು ನಿಯಮ ಮತ್ತು ಅಂಕದ ಎಲೆಗಳು. ಟಾಮ್ ಬಾರ್ಕರ್ ರಚನೆಯೂ ಹೆಚ್ಚುಕಡಿಮೆ ಇದೇ. ಕೊನೆಯ ಎರಡು ಎಲೆಗಳು ಕಳೆದುಹೋಗಿರುವುದುಂಟು, ಮುಖವಿಲ್ಲದ ಎಲೆಯನ್ನು ಮಕ್ಕಳು ಎಸೆದಿರಬಹುದು. 52 ಎಲೆ ಕೈಗಿಟ್ಟು ‘ಪೂರ್ಣ’ ಎಂದವರಿಗೆ ಅವೆರಡನ್ನು ಕೇಳಿ.

ಇಷ್ಟು ಆಟಗಳಲ್ಲೂ ಆಟಗಾರನ ಮುಖ ಅಲಂಕಾರ ಮಾತ್ರ ಎಂಬುದನ್ನು ಗಮನಿಸಿ. ಮಹಾ ಬ್ಯಾಟರ್‌ನ ಎಲೆ ಎಳೆದರೂ ಔಟ್ ಆಗಬಹುದು. ಮುಖಕ್ಕೂ ಫಲಿತಾಂಶಕ್ಕೂ ಸಂಬಂಧವಿಲ್ಲ. ಮುಖವನ್ನು ಕೇಳದೆ ಬಳಸಿದ್ದಕ್ಕೆ ಆಗಿನ ಕಾನೂನೂ ಆಸ್ಪದ ಕೊಟ್ಟಿತ್ತು. ಹಿಟ್ಟಿನ ಜಾಹೀರಾತಿಗೆ ಒಬ್ಬ ಯುವತಿಯ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಅಚ್ಚುಹಾಕಿದ ರಾಬರ್ಸನ್ ಮೊಕದ್ದಮೆಯಲ್ಲಿ 1902ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ಅವಳಿಗೆ ಪರಿಹಾರ ನಿರಾಕರಿಸಿತು. ಜನ ಸಿಟ್ಟಿಗೆದ್ದರು. ಮರುವರ್ಷವೇ ಆ ರಾಜ್ಯ, ಲಿಖಿತ ಒಪ್ಪಿಗೆಯಿಲ್ಲದೆ ಯಾರ ಹೆಸರು-ಚಿತ್ರವನ್ನೂ ಜಾಹೀರಾತಿಗಾಗಲಿ ವ್ಯಾಪಾರಕ್ಕಾಗಲಿ ಬಳಸಬಾರದೆಂದು ಕಾಯ್ದೆ ಮಾಡಿತು. ಆದರೂ ಆಟದ ಡಬ್ಬಿಗಳ ಮೇಲೆ ಮುಖಗಳು ನಿಲ್ಲಲಿಲ್ಲ.

ಮುಖವನ್ನೂ ಫಲಿತಾಂಶವನ್ನೂ ಬೆಸೆದವರು ವಿಸ್ಕಾನ್ಸಿನ್‌ನ ಗ್ರೀನ್ ಬೇಯ ಕ್ಲಿಫರ್ಡ್ ವ್ಯಾನ್ ಬೀಕ್. ಇಡೀ ಇತಿಹಾಸದಲ್ಲಿ ನನಗೆ ಹೆಚ್ಚು ಗೌರವವಿರುವುದು ಈ ವ್ಯಕ್ತಿಯ ಮೇಲೆ. 1925ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, 1930ರ ದಶಕದ ಆರಂಭದಲ್ಲಿ ‘ನ್ಯಾಷನಲ್ ಪಾಸ್‌ಟೈಮ್’ ಮಾರಾಟಕ್ಕೆ ಬಂತು. ಒಬ್ಬೊಬ್ಬ ಆಟಗಾರನಿಗೆ ಒಂದು ಎಲೆ, ಎಲೆಯ ಮೇಲೆ 36 ಸಾಲು. ಎರಡು ದಾಳ ಹಾಕಬೇಕು, ಆದರೆ ಕೂಡಬಾರದು: ಒಂದನ್ನು ಹತ್ತರ ಸ್ಥಾನ, ಇನ್ನೊಂದನ್ನು ಬಿಡಿ ಸ್ಥಾನ ಎಂದು ಓದಬೇಕು. 11ರಿಂದ 66ರವರೆಗೆ 36 ಸಂಖ್ಯೆಗಳು ಬರುತ್ತವೆ, ಪ್ರತಿಯೊಂದಕ್ಕೂ ಸಮಾನ ಸಾಧ್ಯತೆ. ಕೂಡಿದರೆ 7 ಆರು ಸಲ ಬಂದು 2 ಒಂದೇ ಸಲ ಬರುತ್ತದೆ, ಅಂಥ ಓರೆಯಲ್ಲಿ ಆಟಗಾರನ ನಿಜ ಸಾಧನೆಯನ್ನು ಅಳೆದು ಕೂರಿಸುವುದು ಕಷ್ಟ. ಆಡುವಾಗ ಎರಡು ದಾಳಗಳ ಗಾತ್ರವೋ ಬಣ್ಣವೋ ಬೇರೆಯಿರಲಿ. ಒಂದೇ ತರಹದ ದಾಳವಾದರೆ 25 ಯಾವುದು 52 ಯಾವುದು ಎಂಬ ಜಗಳ ಬಿಡಿಸುವವರಿಲ್ಲ. ಹೀಗೆ ಒಳ್ಳೆಯ ಹೊಡೆತಗಾರನ 36 ಸಾಲಿನಲ್ಲಿ ಹೋಮ್ ರನ್ ಹೆಚ್ಚು, ಕೈಲಾಗದವನದರಲ್ಲಿ ಔಟ್ ಹೆಚ್ಚು.

ಆರ್ಥಿಕ ಮುಗ್ಗಟ್ಟಿನಲ್ಲಿ ಆ ಆಟ ಮುಳುಗಿತು. 1925ಕ್ಕೆ 17 ಕೂಡಿದರೆ 1942, ಅಲ್ಲಿಗೆ ಪೇಟೆಂಟೂ ತೀರಿತು. ಅದನ್ನೇ ಆಡಿಕೊಂಡು ಬೆಳೆದ ಪೆನ್ಸಿಲ್ವೇನಿಯದ ಜೆ. ರಿಚರ್ಡ್ ಸೈಟ್ಜ್ 1951ರಲ್ಲಿ ಬಹುಮಟ್ಟಿಗೆ ಅದೇ ಚೌಕಟ್ಟನ್ನು ‘ಆ್ಯಪ್‌ಬಾ’ ಎಂಬ ಹೊಸ ಹೆಸರಿನಲ್ಲಿ ಅಂಚೆಯ ಮೂಲಕ ಮಾರತೊಡಗಿದರು. ಯುಕ್ತಿ ಎಲ್ಲರದಾಗಿತ್ತು, ಹೆಸರು ಮಾತ್ರ ಅವರದು. ಆ ಹೆಸರು ಇಂದಿಗೂ ಬದುಕಿದೆ. ಕಾನೂನಿಗೆ ಇದು ಸರಿ, ಆದರೂ ವ್ಯಾನ್ ಬೀಕ್ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು ಅನ್ನಿಸುತ್ತದೆ.

ಅದೇ 1951ರಲ್ಲಿ ಟಾಪ್ಸ್ ಕಂಪನಿ ಮಿಠಾಯಿಯ ಜೊತೆ ಆಟದ ಎಲೆಗಳನ್ನು ಹೊರತಂದಿತು: ಕೆಂಪು ಬೆನ್ನಿನವು 52, ನೀಲಿ ಬೆನ್ನಿನವು 52. ಚೂಯಿಂಗ್ ಗಮ್ಮಿನ ಜೊತೆ ಕಾರ್ಡು ಕೊಡಲು ಬೋಮನ್ ಕಂಪನಿ ಆಟಗಾರರಿಂದ ಒಪ್ಪಂದ ಪಡೆದಿತ್ತು, ಟಾಪ್ಸ್ ಗಮ್ಮು ಬಿಟ್ಟು ಮಿಠಾಯಿ ಹಿಡಿಯಿತು. ಕೆಂಪಿನಲ್ಲಿ ಎರಡು ಎಲೆಗಳಿಗೆ ಎರಡೆರಡು ರೂಪಗಳಿವೆ: 36ನೆಯದು ಗಸ್ ಜರ್ನಿಯಲ್, ಷಿಕಾಗೊ ಮತ್ತು ಫಿಲಡೆಲ್ಫಿಯಾ, 52ನೆಯದು ಟಾಮಿ ಹೋಮ್ಸ್, ಬಾಸ್ಟನ್ ಮತ್ತು ಹಾರ್ಟ್‌ಫರ್ಡ್. ಅಚ್ಚು ನಡೆಯುತ್ತಿದ್ದಾಗಲೇ ಇಬ್ಬರೂ ತಂಡ ಬದಲಿಸಿದ್ದರು. ನೀಲಿಯವು ಕೆಂಪಿಗಿಂತ ವಿರಳ.

ಬೋಮನ್ ಮತ್ತು ಟಾಪ್ಸ್ ನಡುವಿನ ಜಗಳ 1953ರಲ್ಲಿ ಹೇಲನ್ ವಿರುದ್ಧ ಟಾಪ್ಸ್ ಎಂಬ ತೀರ್ಪಿಗೆ ಹೋಯಿತು; ಹೇಲನ್ ಎಂಬುದು ಬೋಮನ್‌ನ ಉತ್ತರಾಧಿಕಾರಿ ಕಂಪನಿ. ನ್ಯಾಯಾಧೀಶ ಜೆರೋಮ್ ಫ್ರಾಂಕ್, ಮನುಷ್ಯನಿಗೆ ತನ್ನ ಚಿತ್ರದ ವ್ಯಾಪಾರೀ ಮೌಲ್ಯದ ಮೇಲೆ ಹಕ್ಕಿದೆ, ಅದನ್ನು ಇನ್ನೊಬ್ಬರಿಗೆ ಕೊಡಬಹುದು ಎಂದರು. 1970ರಲ್ಲಿ ಮಿನೆಸೋಟದ ಕೇಂದ್ರ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಯೂಲೆಂಡರ್ ಮೊಕದ್ದಮೆಯಲ್ಲಿ ಮೇಜಿನ ಆಟವೊಂದು ಆಟಗಾರರ ಹೆಸರನ್ನೂ ಅಂಕಿ-ಅಂಶಗಳನ್ನೂ ಅನುಮತಿಯಿಲ್ಲದೆ ಬಳಸುವುದನ್ನು ತಡೆಯಿತು. ಅಲ್ಲಿ ಮುಖದ ಪ್ರಶ್ನೆಯಿರಲಿಲ್ಲ. ವ್ಯಾನ್ ಬೀಕ್ ಬೆಸೆದ ಸಾಧನೆಯ ಲೆಕ್ಕವೇ ಆಟಗಾರನ ಆಸ್ತಿಯ ಭಾಗವಾಯಿತು. 2007ರಲ್ಲಿ ಎಂಟನೇ ಸರ್ಕೀಟಿನ ಮೇಲ್ಮನವಿ ನ್ಯಾಯಾಲಯ ಫ್ಯಾಂಟಸಿ ಆಟಗಳ ಮೊಕದ್ದಮೆಯಲ್ಲಿ ತಕ್ಕಡಿಯನ್ನು ಆಟ ತಯಾರಿಸುವವರತ್ತ ವಾಲಿಸಿತು: ಹೆಸರು ಮತ್ತು ಅಂಕಿಗಳು ಸಾರ್ವಜನಿಕ ಮಾಹಿತಿ, ಅವನ್ನು ಬಳಸುವುದು ವಾಕ್ ಸ್ವಾತಂತ್ರ್ಯದ ರಕ್ಷಣೆಯಲ್ಲಿದೆ. ಛಾಯಾಚಿತ್ರ ಹಾಕಿ ಆಟ ಮಾರಲು ಇಂದಿಗೂ ಪರವಾನಗಿ ಪಡೆಯುವುದೇ ರೂಢಿ.

1913ರವರೆಗಿನ ಈ ಆಟಗಳ ಕಾಪಿರೈಟ್ ಎಂದೋ ಮುಗಿದಿದೆ. ಹಾಗಾಗಿ ಮರುಮುದ್ರಣ ಕಾನೂನುಬದ್ಧ, ಆದ್ದರಿಂದಲೇ ಧಾರಾಳ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಅಕ್ಷರಗಳನ್ನು ನೋಡಿ, ಚಿತ್ರವನ್ನಲ್ಲ. ಅಸಲಿಯಲ್ಲೂ ಛಾಯಾಚಿತ್ರ ಚುಕ್ಕಿಗಳಿಂದಲೇ ಆಗಿರುತ್ತದೆ, ಆದರೆ ಅಕ್ಷರ ಮತ್ತು ಗೆರೆಗಳು ತುಂಬುಶಾಯಿಯವು. ಸ್ಕ್ಯಾನ್ ಮಾಡಿ ಅಚ್ಚುಹಾಕಿದ್ದರಲ್ಲಿ ಅಕ್ಷರದ ಅಂಚೂ ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಆಮೇಲೆ ಕತ್ತಲಲ್ಲಿ ಅತಿನೇರಳೆ ದೀಪ. ಕಾಗದವನ್ನು ಬೆಳ್ಳಗಾಗಿಸುವ ಹೊಳಪು ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ನೀಲಿಯಾಗಿ ಜ್ವಲಿಸುವ ಎಲೆ ಹಳೆಯದಲ್ಲ. ಜ್ವಲಿಸದ್ದೆಲ್ಲ ಹಳೆಯದು ಎಂದೂ ಅಲ್ಲ, ಹಳೆಯ ಖಾಲಿ ಕಾಗದದ ಮೇಲೆ ಅಚ್ಚುಹಾಕುವವರಿದ್ದಾರೆ. ಅದಕ್ಕೇ ಎರಡೂ ಪರೀಕ್ಷೆ ಬೇಕು.

ಪೂರ್ಣ ಕಟ್ಟಾದರೆ ಎಲೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಮೇಜಿಗೆ ಮೆಲ್ಲಗೆ ತಟ್ಟಿ, ಉದ್ದಕ್ಕೂ ಅಗಲಕ್ಕೂ. ಮೂಲೆ ಸವೆದದ್ದನ್ನು ಹೊಸದಾಗಿಸಲು ಕತ್ತರಿಸಿದ ಎಲೆ ಉಳಿದವುಗಳಿಗಿಂತ ಕೆಳಗೆ ಹುದುಗುತ್ತದೆ, ಬೇರೆ ಕಟ್ಟಿನಿಂದ ತಂದು ತುಂಬಿಸಿದ್ದು ಅಂಚಿನ ಬಣ್ಣದಲ್ಲೇ ಕಾಣುತ್ತದೆ. ಎಲ್ಲ ಎಲೆಯೂ ಒಂದೇ ಹದಕ್ಕೆ ಸವೆದಿದ್ದು ಒಂದು ದೊಡ್ಡ ಹೆಸರಿನ ಎಲೆ ಮಾತ್ರ ಗರಿಗರಿಯಾಗಿದ್ದರೆ ಆ ಎಲೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಕೊಂಡ ಮೇಲೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಅಂಚನ್ನು ಕಚ್ಚಿ ಕಲೆ ಬಿಡುತ್ತದೆ. ಮೆತ್ತನೆಯ ಪಿವಿಸಿ ಚೀಲ ಬೇಡ, ಪಾಲಿಯೆಸ್ಟರ್ ಹಾಳೆಯ ಚೀಲ ಬಳಸಿ. ನಿಯಮದ ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಮತ್ತೆ ಮಡಚದೆ ಬಿಡಿಸಿ ಚಪ್ಪಟೆಯಾಗಿ ಇಡಿ. ಮಡಿಕೆ ಹರಿದಿದ್ದರೆ ಅಂಟುಟೇಪು ಹಚ್ಚದೆ ಹಾಗೇ ಬಿಡಿ. ಅದರ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದ ಅಂಕಗಳಿದ್ದರೆ ಅಳಿಸಬೇಡಿ, ಆ ಕಟ್ಟಿನಲ್ಲಿ ನಿಜವಾಗಿ ಆಡಿದ್ದರ ದಾಖಲೆ ಅದೊಂದೇ ಇರಬಹುದು.